ಹದಿನೇಳನೇ ಕೊಕ್ಕೆ

"ಮೇಡಂ, ಇನ್ನೆಷ್ಟು ಸಲ ನೋಡ್ತೀರಿ? ನೀವು ನೋಡೋದು ನೋಡಿ ಆ ಹಲಗೆಗೇ ನಾಚಿಕೆ ಆಗಿರ್ಬೇಕು."

ಎಂಜಿನಿಯರ್ ಹೀಗೆಂದು ಕೈಗಡಿಯಾರ ನೋಡಿಕೊಂಡ. ನಾನೂ ನೋಡಿಕೊಂಡೆ. ಎರಡು ಗಂಟೆ ಹತ್ತು ನಿಮಿಷ. ನಾಲ್ಕು ಗಂಟೆಗೆ ಮೇಲಿನ ವಿಚಾರಣೆ ಕೋಣೆಯಲ್ಲಿ ನನ್ನ ಅತ್ತಿಗೆಯ ಕೆಲಸ ಹೋಗುವುದಿತ್ತು.

"ಬೇಜಾರಾದ್ರೆ ಹೊರಗೆ ಹೋಗಿ ಗಾಳಿಗೆ ನಿಂತ್ಕೊಂಡು ಬನ್ನಿ."

"ನೆಲದಿಂದ ತೊಂಬತ್ತು ಅಡಿ ಕೆಳಗಿದೀವಿ. ಗಾಳಿ ಎಲ್ಲಿಂದ ತರ್ಲಿ?"

"ಹಾಗಾದ್ರೆ ಬಾಯಿ ಮುಚ್ಕೊಂಡು ನಿಂತಿರಿ."

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಈ ನಿಲ್ದಾಣದ ತನಿಖಾಧಿಕಾರಿಯಾಗಿ ಹನ್ನೊಂದು ವರ್ಷವಾಯಿತು, ಎಲ್ಲರಿಗೂ ಅದು ಅಭ್ಯಾಸವಾಗಿದೆ. ಈ ಎಂಜಿನಿಯರ್ ಬಂದು ಎಂಟು ತಿಂಗಳಷ್ಟೇ ಆಗಿರುವುದರಿಂದ ಇನ್ನೂ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ.

ನಗರದ ನಡುಮಧ್ಯದಲ್ಲಿ, ಪೇಟೆಯ ಹೊಟ್ಟೆಯೊಳಗೆ ನಾಲ್ಕು ಅಂತಸ್ತು ಇಳಿದ ರೈಲು ನಿಲ್ದಾಣ ನಮ್ಮದು. ನಾಲ್ಕು ಮಾರ್ಗಗಳು ಇಲ್ಲಿ ಒಂದರ ಕೆಳಗೊಂದು ಹಾದುಹೋಗುತ್ತವೆ. ಹನ್ನೊಂದು ಬಾಗಿಲು, ಇಪ್ಪತ್ತಾರು ಎಸ್ಕಲೇಟರು, ದಿನಕ್ಕೆ ಆರು ಲಕ್ಷ ಜನ. ತಮ್ಮ ತಲೆಯ ಮೇಲೆ ಇಡೀ ಪೇಟೆ ಕೂತಿದೆ ಎಂಬ ನೆನಪು ಅವರಲ್ಲಿ ಒಬ್ಬರಿಗೂ ಬರುವುದಿಲ್ಲ. ಬರಬಾರದು, ಅದೇ ನಮ್ಮ ಕೆಲಸ. ಕೊಚ್ಚಿಕೊಳ್ಳುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ, ಇದನ್ನು ಅಗೆದವರ ಮನೆಯವಳು ನಾನು.

ಆ ಆರು ಲಕ್ಷದಲ್ಲಿ ಯಾರೂ ಕಾಣದ ಕೋಣೆಯೊಂದಿದೆ. ಅದೇ ಬಿಲ್ಲೆ ಕೋಣೆ. ಒಂದು ಮೇಜು, ಒಂದು ಫೋನು, ಗೋಡೆಯ ಮೇಲೆ ಒಂದು ತೇಗದ ಹಲಗೆ. ಹಲಗೆಯಲ್ಲಿ ನಲವತ್ತು ಕೊಕ್ಕೆ, ಕೆಳಗೆ ಬಿಳಿ ಬಣ್ಣದಲ್ಲಿ ನಂಬರು. ಸುರಂಗಕ್ಕೆ ಇಳಿಯುವ ಪ್ರತಿಯೊಬ್ಬ ಕೆಲಸಗಾರನ ಹತ್ತಿರವೂ ಅವನ ನಂಬರಿನ ಹಿತ್ತಾಳೆ ಬಿಲ್ಲೆ ಇರುತ್ತದೆ. ಇಳಿಯುವ ಮೊದಲು ಅವನೇ ಅದನ್ನು ಇಲ್ಲಿ ನೇತುಹಾಕಬೇಕು. ಹತ್ತಿ ಬಂದ ಮೇಲೆ ಅವನೇ ತೆಗೆದುಕೊಳ್ಳಬೇಕು. ಹಲಗೆಯ ಮೇಲೆ ಒಂದೇ ಒಂದು ಬಿಲ್ಲೆ ಉಳಿದಿದ್ದರೂ ಹಳಿಗೆ ಕರೆಂಟು ಬಿಡುವಂತಿಲ್ಲ. "ಹಲಗೆ ಖಾಲಿ" ಎಂದು ಈ ಕೋಣೆಯಿಂದ ಮಾತು ಹೋದ ಮೇಲೆಯೇ ಕರೆಂಟು ಕೋಣೆಯವರು ಗುಂಡಿ ಒತ್ತುತ್ತಾರೆ.

ಈ ಹಲಗೆ ಕಾಯುವವಳು ನನ್ನ ಅತ್ತಿಗೆ. ನಿಲ್ದಾಣಕ್ಕೆಲ್ಲ ಅವಳು ಬಿಲ್ಲೆ ಅಕ್ಕ. ಹತ್ತೊಂಬತ್ತು ವರ್ಷದಲ್ಲಿ ಅವಳ ಬಾಯಿಂದ ಒಂದು ತಪ್ಪು ಮಾತು ಕರೆಂಟು ಕೋಣೆಗೆ ಹೋಗಿರಲಿಲ್ಲ.

ಮೊನ್ನೆ ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ಹೋಯಿತು. ರಿಪೇರಿಗೆಂದು ಮುಚ್ಚಿದ್ದ ನಾಲ್ಕನೇ ಮಾರ್ಗದಲ್ಲಿ ವೆಲ್ಡರ್ ಒಬ್ಬನೇ ಮಂಡಿಯೂರಿ ಹಳಿ ಜೋಡಿಸುತ್ತಿದ್ದಾಗ ಕರೆಂಟು ಹರಿಯಿತು. ಕಾಲಲ್ಲಿದ್ದ ರಬ್ಬರ್ ಬೂಟು ಅವನ ಜೀವ ಉಳಿಸಿತು. ಬಲಗೈ ಸುಟ್ಟಿದೆ, ತಲೆ ಗೋಡೆಗೆ ಬಡಿದಿದೆ, ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ.

ಅವನ ನಂಬರು ಒಂಬತ್ತು. ಒಂಬತ್ತನೇ ಕೊಕ್ಕೆ ಖಾಲಿಯಿತ್ತು. ಅವನ ಜೇಬಿನಲ್ಲಿ, ಪೆಟ್ಟಿಗೆಯಲ್ಲಿ, ಹಳಿಯ ಮೇಲೆ, ಎಲ್ಲೂ ಬಿಲ್ಲೆ ಸಿಗಲಿಲ್ಲ. ಬಿಲ್ಲೆ ಇಲ್ಲದೆಯೇ ಅವನನ್ನು ಅತ್ತಿಗೆ ಒಳಗೆ ಬಿಟ್ಟಳು, ಬಿಟ್ಟಿದ್ದನ್ನು ಮರೆತಳು ಎಂದು ವರದಿ ಸಿದ್ಧವಾಗಿತ್ತು.

"ಬಿಲ್ಲೆ ಹಾಕದೆ ಯಾರೂ ಒಳಗೆ ಹೋಗಿಲ್ಲ," ಎಂದಷ್ಟೇ ಹೇಳಿ ಅತ್ತಿಗೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ನಾನು ಕೇಳಿದರೂ ಅಷ್ಟೇ, ಅವರು ಕೇಳಿದರೂ ಅಷ್ಟೇ.

"ನನ್ನ ಕಾರ್ಡ್ ಮಷೀನು ಇದ್ದಿದ್ರೆ ಈ ಗೋಳೇ ಇರ್ತಿರಲಿಲ್ಲ," ಎಂದು ಎಂಜಿನಿಯರ್ ಮತ್ತೆ ಶುರುಮಾಡಿದ. "ಹೋಗೋವಾಗ ಒಂದು ಸಲ ಟಕ್, ಬರೋವಾಗ ಒಂದು ಸಲ ಟಕ್. ಕಂಪ್ಯೂಟರ್‌ಗೆ ಗೊತ್ತಿರತ್ತೆ."

"ನಿಮ್ಮ ಮಷೀನನ್ನ ಎರಡು ಸಲ ಬೇಡ ಅಂದಿದಾರೆ, ಅಲ್ವಾ?"

"ಹೌದು. ಈಗ ಮೂರನೇ ಸಲ ಕೇಳ್ತೀನಿ."

"ಈಗ ಬೇಡ ಅನ್ನೋಕಾಗಲ್ಲ. ಎಂಥ ಅನುಕೂಲ ನೋಡಿ ನಿಮಗೆ."

ಅವನ ಮುಖ ಕೆಂಪಾಯಿತು. "ನಾನು ಹಲಗೆ ಬದಲಾಯಿಸ್ಬೇಕು ಅಂದೋನು ಮೇಡಂ. ಮನುಷ್ಯನ್ನ ಸುಡಬೇಕು ಅಂದೋನಲ್ಲ."

ಆ ಮಾತನ್ನು ಅವನು ತಡವರಿಸದೆ ಹೇಳಿದ. ನನ್ನ ಅನುಮಾನದ ಪಟ್ಟಿಯಲ್ಲಿ ಮೊದಲನೇ ಹೆಸರು ಅವನದೇ ಆದ್ದರಿಂದ ಎರಡು ದಿನದಿಂದ ಅವನನ್ನು ಪಕ್ಕದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ. ಎರಡು ದಿನದಲ್ಲಿ ಅವನ ಮೇಲೆ ಒಂದು ಎಳೆಯೂ ಸಿಕ್ಕಿರಲಿಲ್ಲ. ನನಗೆ ಅದೂ ಒಂದು ಕೋಪ.

ಆಗ ನಮ್ಮ ತಲೆಯ ಮೇಲಿನ ಅಂತಸ್ತಿನಲ್ಲಿ ಎರಡನೇ ಮಾರ್ಗದ ರೈಲು ಬಂತು. ಗೋಡೆ ಒಂದಿಷ್ಟು ನಡುಗಿತು. ಮೇಜಿನ ಮೇಲಿದ್ದ ಲೋಟದ ನೀರು ಅಲುಗಿತು.

ಕಿಣಿ ಕಿಣಿ ಎಂದು ಸಣ್ಣ ಸದ್ದಾಯಿತು.

"ಏನದು?"

"ಏನು?"

"ಸುಮ್ನಿರಿ. ಇನ್ನೊಂದು ರೈಲು ಬರ್ಲಿ."

ಮೂರು ನಿಮಿಷಕ್ಕೊಂದು ರೈಲು ನಮ್ಮಲ್ಲಿ. ಮೂರು ನಿಮಿಷ ನಾನು ಉಸಿರು ಬಿಗಿಹಿಡಿದು ನಿಂತೆ. ರೈಲು ಬಂತು, ಗೋಡೆ ನಡುಗಿತು, ಮತ್ತೆ ಅದೇ ಸದ್ದು. ಹಿತ್ತಾಳೆಗೆ ಹಿತ್ತಾಳೆ ತಾಗುವ ಸದ್ದು.

ಹಲಗೆಯ ಮೇಲೆ ಇದ್ದದ್ದು ಒಂದೇ ಬಿಲ್ಲೆ. ಅದು ಮರಕ್ಕೆ ಬಡಿದರೆ ಟಕ್ ಅನ್ನಬೇಕು. ಕಿಣಿ ಅನ್ನಬೇಕಾದರೆ ಇನ್ನೊಂದು ಬೇಕು.

ಹಲಗೆಯ ಮೇಲೆ ಒಂದು ಬಿಲ್ಲೆ ಇದ್ದರೆ ಅದನ್ನು ಖಾಲಿ ಅನ್ನುವುದು ಹೇಗೆ ಎಂದು ಹೊಸಬರು ಕೇಳುತ್ತಾರೆ. ಕೇಳಲೇಬೇಕಾದದ್ದೇ. ಹದಿನೇಳನೇ ಕೊಕ್ಕೆ ನನ್ನ ಅಣ್ಣನದು. ನಾಲ್ಕನೇ ಮಾರ್ಗ ಅಗೆಯುವಾಗ ಮೇಲಿನ ಮಣ್ಣು ಕುಸಿಯಿತು. ಅಣ್ಣ ಏಳು ಜನರನ್ನು ಹೊರಗೆ ನೂಕಿ ತಾನು ಒಳಗುಳಿದ. ಆ ಏಳು ಜನ ತಮ್ಮ ತಮ್ಮ ಬಿಲ್ಲೆ ತೆಗೆದುಕೊಂಡರು. ಅವನದನ್ನು ತೆಗೆಯುವುದಕ್ಕೆ ಅವನು ಬರಲಿಲ್ಲ. ಬೇರೆಯವರ ಬಿಲ್ಲೆಗೆ ಕೈ ಹಾಕುವಂತಿಲ್ಲ ಎಂಬುದು ನಿಯಮ. ಅಂದಿನಿಂದ ಅದು ಅಲ್ಲೇ ಇದೆ, ಖಾಲಿ ಎಣಿಸುವಾಗ ಲೆಕ್ಕಕ್ಕಿಲ್ಲ.

ಅದರ ಮುಂದೆ ಹಾದುಹೋಗುವಾಗ ಹೆಲ್ಮೆಟ್ಟು ತೆಗೆದು ಹೋಗುವುದು ಇಲ್ಲಿನ ರೂಢಿ. ನೋಡುವುದಿಲ್ಲ. ಹದಿನಾರು ನೋಡಿ ಹದಿನೆಂಟು ನೋಡುತ್ತಾರೆ. ಇಲ್ಲಿ ಕೆಲಸ ಕಲಿತವನ ಕಣ್ಣು ಆ ಒಂದು ಕೊಕ್ಕೆಯನ್ನು ದಾಟುವುದನ್ನೂ ಕಲಿತಿರುತ್ತದೆ. ಮೊನ್ನೆ ವರದಿ ಬರೆಯಲು ಬಂದ ಮೂವರು ಅಧಿಕಾರಿಗಳೂ ಟೋಪಿ ತೆಗೆದರು, ಫೋಟೋ ಹೊಡೆದರು, ಅದನ್ನು ಮುಟ್ಟಲಿಲ್ಲ. ಅಪ್ಪಟ ಮರ್ಯಾದಸ್ಥರು!

ನಾನು? ಎರಡು ದಿನದಲ್ಲಿ ಆರು ಸಲ ಈ ಹಲಗೆಯ ಮುಂದೆ ಮೈಯೆಲ್ಲ ಕಣ್ಣಾಗಿ ನಿಂತಿದ್ದೆ. ಆರು ಸಲವೂ ಮೂವತ್ತೊಂಬತ್ತು ಕೊಕ್ಕೆ ನೋಡಿದ್ದೆ.

"ಎಂಜಿನಿಯರೇ, ಹತ್ರ ಬನ್ನಿ. ನೀವೇ ಸಾಕ್ಷಿ. ಫೋಟೋ ತೆಗೀರಿ."

"ಮೇಡಂ, ಅದು... ಅದನ್ನ ಮುಟ್ಟಬಾರದಲ್ವಾ?"

"ನನ್ನ ಅಣ್ಣ. ನಾನು ಮುಟ್ಟಬಹುದು."

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅಣ್ಣನ ಬಿಲ್ಲೆಯನ್ನು ಬೆರಳಿನಿಂದ ಎತ್ತಿದೆ. ಅದರ ಬೆನ್ನಿಗೆ ಅಂಟಿದ ಹಾಗೆ, ಅದೇ ಅಳತೆಯ ಇನ್ನೊಂದು ಬಿಲ್ಲೆ ಇತ್ತು. ಅದರ ಮೇಲೆ ಒಂಬತ್ತು ಎಂಬ ಅಂಕಿ ಕೊರೆದಿತ್ತು.

ಎಂಜಿನಿಯರ್ ತಾನಾಗಿಯೇ ಹೆಲ್ಮೆಟ್ಟು ತೆಗೆದ.

"ಅಂದ್ರೆ ವೆಲ್ಡರ್ ಬಿಲ್ಲೆ ಹಾಕೇ ಹೋಗಿದಾನೆ," ಎಂದ ನಿಧಾನವಾಗಿ. "ಅಕ್ಕ ಹೇಳಿದ್ದು ನಿಜ."

"ನಮ್ಮ ಮನೆಯವರು ಸುಳ್ಳು ಹೇಳಲ್ಲ," ಎಂದೆ. ಆ ಹೊತ್ತಿನಲ್ಲಿ ನನ್ನ ಎದೆ ಎರಡು ಮೊಳ ಉಬ್ಬಿತ್ತು.

*

ಮೇಲಕ್ಕೆ ಹೋಗುವಾಗ ಎಸ್ಕಲೇಟರಿನ ಮೇಲೆ ಜನ ಕಿಕ್ಕಿರಿದಿದ್ದರು. ಬಲಕ್ಕೆ ನಿಲ್ಲುವವರು, ಎಡಕ್ಕೆ ಓಡುವವರು. ಒಬ್ಬಳು ಮಗುವಿನ ಬೂಟಿನ ದಾರ ಕಟ್ಟುತ್ತಿದ್ದಳು. ಒಬ್ಬ ಹೂಕುಂಡ ಹೊತ್ತು ಬೆವರುತ್ತಿದ್ದ. ನನ್ನ ಜೇಬಿನ ಕಾಗದದ ಲಕೋಟೆಯಲ್ಲಿ ಎರಡು ಬಿಲ್ಲೆಗಳಿದ್ದವು. ಇವರಿಗೆಲ್ಲ ಕೂಗಿ ಹೇಳಬೇಕು ಅನ್ನಿಸಿತು, ನಿಮ್ಮನ್ನು ಕಾಯುವವಳು ತಪ್ಪು ಮಾಡಿಲ್ಲ ಕಣ್ರಪ್ಪಾ ಎಂದು.

ಮಾಡಿದವರು ಯಾರು ಎಂಬ ಲೆಕ್ಕವನ್ನೂ ಮೆಟ್ಟಿಲ ಮೇಲೆಯೇ ಹಾಕಿದೆ. ಒಂಬತ್ತನೇ ಬಿಲ್ಲೆಯನ್ನು ಹದಿನೇಳರ ಹಿಂದೆ ಸರಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ತಿಳಿಯಬೇಕಾದರೆ ಹಳಬನೇ ಆಗಬೇಕು. ಅಣ್ಣ ಹೊರಗೆ ನೂಕಿದ ಏಳು ಜನರಲ್ಲಿ ಈಗಲೂ ಕೆಲಸದಲ್ಲಿರುವವನು ಒಬ್ಬನೇ, ಹಳಿ ಮೇಸ್ತ್ರಿ. ಮೊನ್ನೆ ಹತ್ತು ಗಂಟೆಗೆ ತನ್ನ ಗುಂಪಿನೊಂದಿಗೆ ಸುರಂಗದ ಆ ತುದಿಗೆ ಇಳಿದು, ಹನ್ನೊಂದು ಹತ್ತಕ್ಕೆ ಗುಂಪು ಸಮೇತ ಹತ್ತಿ ಬಂದಿದ್ದವನೂ ಅವನೇ. ವೆಲ್ಡರ್ ಅವನ ಗುಂಪಿನವನಲ್ಲ. ಆಮೇಲೆ ಬಂದು ಈ ತುದಿಯಿಂದ ಇಳಿದವನು.

ಮೇಸ್ತ್ರಿ ನನ್ನನ್ನು ತಂಗಿ ಅನ್ನುತ್ತಾನೆ.

ವಿಚಾರಣೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಅತ್ತಿಗೆ ಕೂತಿದ್ದಳು. ಇಸ್ತ್ರಿ ಮಾಡಿದ ಸಮವಸ್ತ್ರ, ಎಣ್ಣೆ ಹಚ್ಚಿ ಬಾಚಿದ ತಲೆ. ಕೆಲಸ ಕಳೆದುಕೊಳ್ಳಲು ಬಂದವಳ ಹಾಗಿರಲಿಲ್ಲ. ಪದಕ ತೆಗೆದುಕೊಳ್ಳಲು ಬಂದವಳ ಹಾಗೆ ಬೆನ್ನು ನೆಟ್ಟಗಿತ್ತು.

ಲಕೋಟೆ ಬಿಚ್ಚಿ ತೋರಿಸಿದೆ. "ನೋಡಿ ಅತ್ತಿಗೆ! ಸಿಕ್ತು!"

ಅವಳು ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಬಿಲ್ಲೆ ನೋಡಿದಳು, ನನ್ನ ಮುಖ ನೋಡಿದಳು. ಅವಳ ಮುಖದ ಬಣ್ಣ ಇಳಿದುಹೋಯಿತು.

"ಎಲ್ಲಿತ್ತೋ ಅಲ್ಲೇ ಇಟ್ಟು ಬಾ."

"ಏನಂದ್ರಿ?"

"ಇಟ್ಟು ಬಾ ಕಣೇ. ಇದೆಲ್ಲ ಮುಗೀಲಿ. ಸಂಜೆ ಮನೇಲಿ ಕೂತ್ಕೊಂಡು ಮಾತಾಡೋಣ."

"ಸಂಜೆ ಹೊತ್ತಿಗೆ ನಿಮ್ಮ ಕೆಲಸ ಇರಲ್ಲ ಅತ್ತಿಗೆ!"

"ಇಲ್ದಿದ್ರೆ ಇಲ್ಲ. ನಿನ್ನ ಕೈ ಮುಗೀತೀನಿ, ಈಗ ಬೇಡ."

ಹತ್ತೊಂಬತ್ತು ವರ್ಷದಲ್ಲಿ ಅವಳು ಯಾರಿಗೂ ಕೈ ಮುಗಿದದ್ದನ್ನು ನಾನು ಕಂಡಿರಲಿಲ್ಲ. ಅಣ್ಣನ ಬಿಲ್ಲೆ ಮುಟ್ಟಿದೆನಲ್ಲ ಎಂದು ಸಂಕಟಪಡುತ್ತಿದ್ದಾಳೆ ಎಂದುಕೊಂಡೆ. ನನ್ನ ತಲೆಯಲ್ಲಿ ಬುದ್ಧಿಯಿತ್ತು, ಅದರ ಮೇಲೆ ಹೆಮ್ಮೆ ಹತ್ತಿ ಕೂತಿತ್ತು. ಈಗ ಹೇಳಿ ಏನು ಪ್ರಯೋಜನ.

"ನೀವು ಸುಮ್ನೆ ಬಂದು ಕೂತ್ಕೊಳ್ಳಿ. ಉಳಿದದ್ದು ನನಗೆ ಬಿಡಿ," ಎಂದು ಬಾಗಿಲು ತಳ್ಳಿದೆ.

*

ಉದ್ದ ಮೇಜಿನಾಚೆ ದೊಡ್ಡ ಸಾಹೇಬರು ಕೂತಿದ್ದರು. ಇಡೀ ನಿಲ್ದಾಣ ಅವರ ಕೈ ಕೆಳಗಿದೆ, ಎಲ್ಲ ಕೋಣೆಗಳ ಎರಡನೇ ಬೀಗದ ಕೈಯೂ ಅವರ ಹತ್ತಿರವೇ. ಮೆತ್ತಗಿನ ದನಿ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಸ್ವಂತ ಅತ್ತಿಗೆಯ ಕೇಸನ್ನು ನಾನು ನೋಡಬಾರದು ಎಂದು ಹಲವರು ಗೊಣಗಿದಾಗಲೂ, ನಾಲ್ಕು ಗಂಟೆಯವರೆಗೆ ನೋಡಲಿ ಬಿಡಿ ಎಂದವರು ಅವರೇ. ಎಡಕ್ಕೆ ಮೇಸ್ತ್ರಿ ಮುದುಡಿಕೊಂಡು ಕೂತಿದ್ದ. ಎಂಜಿನಿಯರ್ ನನ್ನ ಹಿಂದೆಯೇ ಬಂದು ಗೋಡೆಗೊರಗಿ ನಿಂತ.

ಸಾಹೇಬರು ಕಾಗದ ಎತ್ತಿಕೊಂಡರು. "ಬಿಲ್ಲೆಯಿಲ್ಲದ ಕೆಲಸಗಾರನನ್ನು ಒಳಗೆ ಬಿಟ್ಟ ಕಾರಣ..."

"ಸರ್, ಆ ಕಾಗದ ಕೆಳಗಿಡಿ," ಎಂದೆ.

ಎರಡು ಬಿಲ್ಲೆಗಳನ್ನು ಮೇಜಿನ ಮೇಲೆ ಇಟ್ಟೆ. ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು, ಏಕೆ ಯಾರೂ ಕಾಣಲಿಲ್ಲ ಎಂದು ಒಂದೂ ಬಿಡದೆ ಹೇಳಿದೆ. ಎಂಜಿನಿಯರ್ ಫೋಟೋ ತೋರಿಸಿದ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು.

"ಹಾಗಾದರೆ ಬಿಲ್ಲೆ ಹಲಗೆಯ ಮೇಲಿತ್ತು," ಎಂದರು. "ಆದರೂ ಹಲಗೆ ಖಾಲಿ ಎಂದು ಫೋನು ಹೋಯಿತು."

"ಖಾಲಿ ಅಂತ ಕಾಣೋ ಹಾಗೆ ಯಾರೋ ಮಾಡಿದ್ರು ಸರ್. ಹದಿನೇಳರ ಮರ್ಮ ಗೊತ್ತಿದ್ದೋರು." ನಾನು ಮೇಸ್ತ್ರಿಯ ಕಡೆ ತಿರುಗಿದೆ. "ಮೇಸ್ತ್ರಿಯಣ್ಣ, ಮೊನ್ನೆ ಹನ್ನೊಂದು ಹತ್ತಕ್ಕೆ ಹತ್ತಿ ಬಂದ್ರಿ. ಗುಂಪಿನೋರೆಲ್ಲ ಹೊರಟುಹೋದ್ರು. ನೀವು ಹೋಗಲಿಲ್ಲ. ಬಿಲ್ಲೆ ಕೋಣೇಲಿ ಏನ್ ಮಾಡ್ತಿದ್ರಿ?"

"ತಂಗಿ..."

"ತಂಗಿ ಆಮೇಲೆ. ಉತ್ತರ ಕೊಡಿ."

"ಬಿಡೇ ಅವರನ್ನ," ಎಂದಳು ಅತ್ತಿಗೆ ಹಿಂದಿನಿಂದ.

ನಾನು ಬಿಡುವವಳೇ? "ಹಲಗೆ ಮುಟ್ಟಿದ್ರಾ ಇಲ್ವಾ? ನಿಮ್ಮ ಪ್ರಾಣ ಉಳಿಸಿದೋನ ಕೊಕ್ಕೆ ಅದು. ಅದರ ಹಿಂದೆ ಇನ್ನೊಬ್ಬನ ಪ್ರಾಣ ಬಚ್ಚಿಡೋಕೆ ನಿಮಗೆ ಕೈ ಹೇಗೆ ಬಂತು?"

ಮೇಸ್ತ್ರಿ ಎದ್ದು ನಿಂತ. ಅರವತ್ತರ ಗಡಿಯ ಮನುಷ್ಯ, ಮೂರು ತಿಂಗಳಿಗೆ ನಿವೃತ್ತಿ. ಗಡ್ಡ ಅಲುಗಿತು. "ನಾನು ಹಲಗೆ ಮುಟ್ಟಿಲ್ಲ ತಾಯಿ! ನೋಡಿದೆ ಅಷ್ಟೇ. ಕಣ್ಣಾರೆ ನೋಡಿದೆ, ಖಾಲಿ ಇತ್ತು. ಅದಕ್ಕೇ ಖಾಲಿ ಅಂತ ಹೇಳಿದೆ!"

"ಯಾರಿಗೆ ಹೇಳಿದ್ರಿ?"

"ಕರೆಂಟು ಕೋಣೆಗೆ! ಅವರು ಫೋನ್ ಮಾಡಿ ಕೇಳಿದ್ರು. ನಾನೇ ಹೇಳಿದೆ. ಅಕ್ಕ ಹೇಳಲಿಲ್ಲ, ನಾನು ಹೇಳಿದೆ!" ಅವನು ಮುಖ ಮುಚ್ಚಿಕೊಂಡು ಅತ್ತ. "ಬಾಯಿ ಬಿಡಬೇಡಿ ಅಂತ ಅಕ್ಕ ನಿಮ್ಮಣ್ಣನ ಮೇಲೆ ಆಣೆ ಹಾಕಿಸ್ಕೊಂಡ್ರು. ಎರಡು ದಿನದಿಂದ ಅನ್ನ ಇಳೀತಿಲ್ಲ ನನಗೆ."

ಕರೆಂಟು ಕೋಣೆಯ ಪುಸ್ತಕದಲ್ಲಿ ಹೆಸರು ಬರೆಯುವ ಪದ್ಧತಿಯಿಲ್ಲ. "ಬಿಲ್ಲೆ ಕೋಣೆ: ಖಾಲಿ" ಎಂದಷ್ಟೇ ಬರೆಯುತ್ತಾರೆ. ಬಿಲ್ಲೆ ಕೋಣೆ ಎಂದರೆ ಅತ್ತಿಗೆ ಎಂದು ನಾವೆಲ್ಲ ಓದಿಕೊಂಡಿದ್ದೆವು.

ನಾನು ತಿರುಗಿ ನೋಡಿದೆ. ಅತ್ತಿಗೆ ಎದ್ದು ಬಂದು ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟಳು.

"ಕೂತ್ಕೊಳ್ಳಿ ಅಣ್ಣಾ. ನಿಮ್ಮದೇನೂ ತಪ್ಪಿಲ್ಲ." ಆಮೇಲೆ ಸಾಹೇಬರ ಕಡೆ ನೋಡಿದಳು. ದನಿ ಒಂದಿಷ್ಟೂ ನಡುಗಲಿಲ್ಲ. "ಆ ಬಿಲ್ಲೆ ಅಲ್ಲಿ ಹಾಕಿಸಿದ್ದು ನಾನು."

ಸಾಹೇಬರ ಕೈಯಲ್ಲಿದ್ದ ಕನ್ನಡಕ ಅಲ್ಲೇ ನಿಂತಿತು.

"ವೆಲ್ಡರ್ ಬಂದು, ಅಕ್ಕ, ಈವತ್ತು ಕೊನೇ ಜೋಡಣೆ ಅಂದ. ಎಲ್ಲಿ ಅಂದೆ. ಜಾಗ ಹೇಳಿದ. ಅದು ಇವರ ಅಣ್ಣ ಹೋದ ಜಾಗ." ನನ್ನ ಕಡೆ ತಲೆಯಾಡಿಸಿದಳು. "ಅಲ್ಲಿ ಹಳಿ ಯಾವತ್ತೂ ಸರಿಯಾಗಿ ಕೂತಿರಲಿಲ್ಲ. ಮಾರ್ಗ ತೆರೆದಾಗಿನಿಂದ ರೈಲು ಅಲ್ಲಿಗೆ ಬಂದಾಗ ಒಂದು ಸಲ ಎಗರುತ್ತೆ. ಅದನ್ನ ಸರಿಮಾಡೋಕೆ ಹೋಗ್ತಿದ್ದಾನೆ ಇವನು. ನನಗೆ ಎಷ್ಟು ಹೆಮ್ಮೆ ಆಯ್ತು ಅಂದ್ರೆ, ಈವತ್ತೊಂದು ದಿನ ಅವರ ಕೊಕ್ಕೇಲಿ ಹಾಕಪ್ಪಾ ಅಂದೆ. ಅವನು ಅವರ ಬಿಲ್ಲೆ ಮರೆಯಾಗಬಾರದು ಅಂತ ತನ್ನದನ್ನ ಹಿಂದೆ ಹಾಕಿದ. ಒಳ್ಳೇ ಮನುಷ್ಯ. ಇರಲಿ, ಅವರ ಬೆನ್ನ ಹಿಂದೆ ಇದ್ರೆ ಅವರೇ ನೋಡ್ಕೋತಾರೆ ಅಂದೆ ನಾನು."

ಎಂಜಿನಿಯರ್ ನೆಲ ನೋಡುತ್ತಿದ್ದ. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಆಮೇಲೆ ಹತ್ತು ನಿಮಿಷ ನಾನು ಕೋಣೆ ಬಿಟ್ಟು ಹೋಗಬೇಕಾಯ್ತು. ಮೇಸ್ತ್ರಿಯಣ್ಣ ಎದುರಿಗೆ ಸಿಕ್ಕಿದ್ರು. ಹಲಗೆ ನೋಡ್ಕೊಳ್ಳಿ ಅಂದೆ. ಹದಿನೇಳು ನೋಡ್ಕೊಳ್ಳಿ ಅಂತ ಹೇಳಲಿಲ್ಲ. ತಪ್ಪು ಅಷ್ಟೇ, ಅದು ನಂದು. ಬರ್ಕೊಳ್ಳಿ ಸಾಹೇಬ್ರೇ."

"ಮೊದಲೇ ಯಾಕೆ ಹೇಳಲಿಲ್ಲ ನೀವು?" ಸಾಹೇಬರ ದನಿ ಇನ್ನೂ ಮೆತ್ತಗಿತ್ತು.

"ಹೇಳಿದ್ರೆ ಮೇಸ್ತ್ರಿಯಣ್ಣನ ಹೆಸರು ಬರ್ತಿತ್ತು. ಆ ಕೊಕ್ಕೆ ಕಿತ್ತು ಬಿಸಾಕಿ ಅಂತಿದ್ರು. ನನ್ನ ಕೆಲಸ ಹೋಗ್ಲಿ, ಆ ಕೊಕ್ಕೆಗೆ ಕೆಟ್ಟ ಹೆಸರು ಬರಬಾರದು."

ಅವಳು ಅಲ್ಲಿಗೇ ನಿಲ್ಲಿಸಬೇಕೆಂದು ಇದ್ದಳು. ಅವಳ ಮುಖದಲ್ಲಿ ಅದು ಕಾಣುತ್ತಿತ್ತು. ಆದರೆ ನನ್ನೊಳಗಿನ ತನಿಖಾಧಿಕಾರಿಗೆ ನಾಲಿಗೆ ಕಚ್ಚಿಕೊಳ್ಳುವುದು ಯಾವತ್ತು ಗೊತ್ತಿತ್ತು?

"ಒಂದು ನಿಮಿಷ ಅತ್ತಿಗೆ. ಹತ್ತೊಂಬತ್ತು ವರ್ಷ ಕೋಣೆ ಬಿಟ್ಟು ಅಲುಗಾಡದೋರು ನೀವು. ಮೊನ್ನೆ ಯಾಕೆ ಹೋದ್ರಿ?"

"ಮನೇಲಿ ಹೇಳ್ತೀನಿ ಅಂದ್ನಲ್ಲ."

"ಇಲ್ಲೇ ಹೇಳಿ. ನಿಮ್ಮ ಹೆಸರು ಪೂರ್ತಿ ಶುದ್ಧ ಆಗಬೇಕು. ಎಲ್ಲರ ಮುಂದೆ ಹೇಳಿ."

ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ. ಕೋಪವಿರಲಿಲ್ಲ. ಕೆಲಸವೆಲ್ಲ ಮುಗಿಸಿ ಇಟ್ಟಿದ್ದನ್ನು ಯಾರೋ ಕಾಲಿಂದ ಒದ್ದರೆ ಇರುವ ಸುಸ್ತಿತ್ತು.

"ಫೋನ್ ಬಂತು," ಎಂದಳು. "ನಿಮ್ಮ ನಾದಿನಿ ತಲೆ ಸುತ್ತಿ ಬಿದ್ದಿದ್ದಾರೆ, ಬೇಗ ಬನ್ನಿ ಅಂತ. ಪಿಸುಮಾತಲ್ಲಿ ಹೇಳಿದ್ರು, ಮೇಲೆ ರೈಲು ಬೇರೆ ಬರ್ತಿತ್ತು, ಯಾರ ದನಿ ಅಂತ ಗೊತ್ತಾಗಲಿಲ್ಲ. ಫೋನಿನ ಮೇಲೆ ನಂಬರು ಕಾಣ್ತಿತ್ತು. ನಿನ್ನ ಕೋಣೆ ನಂಬರು."

"ನನ್ನ ಕೋಣೇದಾ?"

"ನಿಂದೇ. ಎರಡು ಅಂತಸ್ತು ಓಡಿ ಹತ್ತಿ ಬಂದೆ. ನಿನ್ನ ಕೋಣೆಗೆ ಬೀಗ. ಪಕ್ಕದ ಗುಮಾಸ್ತ, ಮೇಡಂ ಬೆಳಗ್ಗೆ ಒಂಬತ್ತಕ್ಕೇ ಕೋರ್ಟಿಗೆ ಹೋದ್ರಲ್ಲ ಅಂದ. ಆಗ ಗೊತ್ತಾಯ್ತು, ನನ್ನನ್ನ ಬೇಕು ಅಂತ ಎಬ್ಬಿಸಿದಾರೆ. ಓಡಿ ಕೆಳಗೆ ಬಂದೆ. ಅಷ್ಟರಲ್ಲಿ ಕಿರುಚಾಟ ಕೇಳಿಸ್ತು."

ನಿಜ. ಮೊನ್ನೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಬೇರೆ ಕೇಸಿನ ಸಾಕ್ಷಿ ಹೇಳಲು ನಗರದ ಆ ಮೂಲೆಯಲ್ಲಿದ್ದೆ.

"ನನಗಾದ್ರೂ ಹೇಳಬಾರದಿತ್ತಾ ಅತ್ತಿಗೆ!"

"ನಿನ್ನ ಬಾಯಿ ನನಗೆ ಗೊತ್ತಿಲ್ವಾ? ಹೇಳಿದ್ರೆ ಇಡೀ ನಿಲ್ದಾಣಕ್ಕೆ ಕೇಳೋ ಹಾಗೆ ಕೂಗಾಡ್ತಿದ್ದೆ. ನಿನ್ನ ಕೋಣೆ ಫೋನು ಅಂತ ಬರೆದ್ರೆ ಮೊದಲು ನಿನ್ನನ್ನೇ ಕೇಸಿನಿಂದ ತೆಗೆದುಹಾಕ್ತಿದ್ರು. ನನ್ನ ಮೇಲೆ ತಪ್ಪು ಹೊರಿಸಿ ಕಾಗದ ಮುಚ್ಚಿಬಿಡಲಿ, ಮಾಡಿದೋರು ನಿಶ್ಚಿಂತೆಯಾಗಿರಲಿ, ನೀನು ಕುರ್ಚೀಲೇ ಇದ್ದು ಸದ್ದಿಲ್ಲದೆ ಹುಡುಕಲಿ ಅಂದ್ಕೊಂಡಿದ್ದೆ." ಅವಳು ಉಸಿರು ಬಿಟ್ಟಳು. "ಈಗ ಮಾಡಿದೋರಿಗೂ ಗೊತ್ತಾಯ್ತು, ನಮಗೆ ಗೊತ್ತಾಗಿದೆ ಅಂತ."

ನನ್ನ ಅತ್ತಿಗೆ ಎಂಟನೇ ತರಗತಿ ಓದಿದವಳು. ತನಿಖೆಯ ಪಾಠ ಹನ್ನೊಂದು ವರ್ಷದಿಂದ ನಾನು ಬೇರೆಯವರಿಗೆ ಹೇಳಿಕೊಡುತ್ತಿದ್ದೇನೆ. ನಾಚಿಕೆಯಿಂದ ನೆಲ ಬಿರಿದರೆ ಇಳಿದುಬಿಡೋಣ ಅನ್ನಿಸಿತು. ಅದರ ಜೊತೆಗೇ ಇವಳು ನನ್ನ ಮನೆಯವಳು ಎಂದು ಮೈ ಜುಮ್ಮೆಂದಿತು.

ಗೋಡೆಯ ಬಳಿಯಿಂದ ಎಂಜಿನಿಯರ್ ಕೇಳಿದ. ಅವನದು ಯಂತ್ರದ ಬುದ್ಧಿ, ಸೀದಾ ಹೋಗುತ್ತದೆ. "ಮೇಡಂ, ನೀವು ಬೀಗ ಹಾಕ್ಕೊಂಡು ಹೋಗಿದ್ರಿ. ಆದ್ರೂ ಒಳಗಿಂದ ಯಾರೋ ಫೋನ್ ಮಾಡಿದಾರೆ. ನಿಮ್ಮ ಕೋಣೆಗೆ ಎಷ್ಟು ಬೀಗದ ಕೈ?"

"ಎರಡು," ಎಂದೆ. "ಒಂದು ನನ್ನ ಹತ್ರಾನೇ ಇತ್ತು."

"ಇನ್ನೊಂದು?"

ಬಾಯಿ ತೆರೆದೆ. ಉತ್ತರ ನನಗೆ ಗೊತ್ತಿತ್ತು, ಕಣ್ಣು ತಾನಾಗಿಯೇ ಉದ್ದ ಮೇಜಿನಾಚೆಗೆ ಹೋಯಿತು. ಅತ್ತಿಗೆ ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದುಕೊಂಡಳು.

ದೊಡ್ಡ ಸಾಹೇಬರು ಕನ್ನಡಕ ಹಾಕಿಕೊಂಡರು, ಕುರ್ಚಿಯಿಂದ ಎದ್ದರು, ಯಾರ ಮುಖವನ್ನೂ ನೋಡದೆ ಬಾಗಿಲ ಬಳಿ ಹೋಗಿ ಒಳಗಿನಿಂದ ಚಿಲಕ ಹಾಕಿದರು.